ಬೆಲ್ಲೋಸ್ ಬಂತು ಸರಿ, ಆಂಕರ್ ಎಲ್ಲಿದೆ?

ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವುದು ನಿಂತ ಮೇಲೆ ಓವರ್‌ಹಾಲಿಂಗ್ ಶುರುವಾಗುತ್ತದೆ. ಮಿಲ್ ರೋಲರ್, ಪಂಪು, ಬಾಯ್ಲರ್ ಟ್ಯೂಬು ಎಲ್ಲಕ್ಕೂ ಪಟ್ಟಿ ಇರುತ್ತದೆ. ಟರ್ಬೈನಿನಿಂದ ಹೊರಬರುವ ಎಕ್ಸಾಸ್ಟ್ ಸ್ಟೀಮ್ ಲೈನಿನ ಬೆಲ್ಲೋಸ್, ಅಂದರೆ ಪೈಪು ಕಾದು ಹಿಗ್ಗುವುದನ್ನು ನುಂಗುವ ಸುಕ್ಕು ತಗಡಿನ ಜಾಯಿಂಟ್, ಮಾತ್ರ ಸೋರಿದಾಗಷ್ಟೇ ನೆನಪಾಗುತ್ತದೆ. ಆಗಲೂ ಅದೇ ಸೈಜಿನ ಹೊಸದನ್ನು ತರಿಸಿ ಕೂರಿಸಿ ಕೈತೊಳೆದುಕೊಳ್ಳುತ್ತಾರೆ. ಹಳೆಯದು ಯಾಕೆ ಹೋಯಿತು ಅಂತ ಕೇಳುವುದಿಲ್ಲ. ನನ್ನ ಪ್ರಕಾರ ಬಹಳಷ್ಟು ಕಡೆ ಕೆಟ್ಟಿರುವುದು ಬೆಲ್ಲೋಸ್ ಅಲ್ಲ, ಅದರ ಆಚೀಚೆ ಪೈಪನ್ನು ಕದಲದಂತೆ ಹಿಡಿಯುವ ಆಂಕರ್ ಮತ್ತು ನೇರ ದಾರಿಯಲ್ಲಿ ಜಾರಿಸುವ ಗೈಡ್.

ಲೆಕ್ಕ ಹಾಕಿ ನೋಡಿ. 800 ಮಿ.ಮೀ. ಪೈಪು, ಚದರ ಸೆಂ.ಮೀ.ಗೆ 1.5 ಕೆಜಿ ಪ್ರೆಶರ್, ಸ್ಟೀಮ್ ಸುಮಾರು 127 ಡಿಗ್ರಿ. ಎರಡು ಆಂಕರ್‌ಗಳ ನಡುವೆ 40 ಮೀಟರ್ ನೇರ ಓಟ. ಕಾರ್ಬನ್ ಸ್ಟೀಲ್ ಪ್ರತಿ ಮೀಟರಿಗೆ 100 ಡಿಗ್ರಿಗೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಲೈನು ತಣ್ಣಗಿದ್ದಾಗ 27 ಡಿಗ್ರಿ ಅಂದುಕೊಂಡರೆ ಒಟ್ಟು 48 ಮಿ.ಮೀ. ಇಷ್ಟು ಎಲ್ಲರೂ ಹಾಕುತ್ತಾರೆ. ಬಿಟ್ಟುಬಿಡುವುದು ಮುಂದಿನ ಲೆಕ್ಕವನ್ನು.

ಕುಲುಮೆಯ ತಿದಿಯ ಒಳಗೆ ಗಾಳಿ ತುಂಬಿದರೆ ಅದು ಉಬ್ಬಿ ಉದ್ದವಾಗುತ್ತದಲ್ಲ, ಬೆಲ್ಲೋಸ್ ಮಾಡುವುದೂ ಅದನ್ನೇ. ಗಟ್ಟಿ ಪೈಪಿನಲ್ಲಿ ಒಳಗಿನ ಪ್ರೆಶರ್ ತುದಿಗಳನ್ನು ತಳ್ಳಿದರೆ ಪೈಪಿನ ಗೋಡೆಯೇ ಹಿಡಿದುಕೊಳ್ಳುತ್ತದೆ. ಅದನ್ನು ಕತ್ತರಿಸಿ ಒಂದೆರಡು ಮಿ.ಮೀ. ದಪ್ಪದ ಸುಕ್ಕು ತಗಡು ಇಟ್ಟ ಮೇಲೆ ಹಿಡಿಯುವವರು ಯಾರು? ಬೆಲ್ಲೋಸಿನ ಸರಾಸರಿ ವ್ಯಾಸ 850 ಮಿ.ಮೀ. ಅಂದರೆ ವಿಸ್ತೀರ್ಣ ಸುಮಾರು 5,670 ಚದರ ಸೆಂ.ಮೀ. ಅದಕ್ಕೆ 1.5 ಗುಣಿಸಿದರೆ ಎಂಟೂವರೆ ಟನ್ ತಳ್ಳು. ಒಂದೂವರೆ ಪಟ್ಟು ಪ್ರೆಶರಿನಲ್ಲಿ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಿ ನೋಡುವ ಪರೀಕ್ಷೆ) ಮಾಡಿದರೆ ಸುಮಾರು 12.8 ಟನ್. "ಬರೀ ಒಂದೂವರೆ ಕೆಜಿ ಲೈನು, ಏನಾಗುತ್ತೆ ಬಿಡಿ" ಅನ್ನುವವರು ಈ ಅಂಕಿಯನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕು. ಇದರ ಮೇಲೆ ಬೆಲ್ಲೋಸಿನ ಸ್ಪ್ರಿಂಗ್ ಬಲ, ಸಪೋರ್ಟುಗಳ ಘರ್ಷಣೆ ಬೇರೆ ಸೇರುತ್ತವೆ. ಕಾಲಮ್ಮಿಗೆ ಒಂದು ಆ್ಯಂಗಲ್ ತುಂಡು ವೆಲ್ಡ್ ಮಾಡಿ ಅದನ್ನೇ ಆಂಕರ್ ಅಂತ ಕರೆದರೆ ಈ ಭಾರ ನಿಲ್ಲುವುದಿಲ್ಲ. ಟೆಸ್ಟಿನ ದಿನ ಮೀಟರಿಗೆ ಅರ್ಧ ಟನ್ ನೀರು ತುಂಬುತ್ತದೆ ಅನ್ನುವುದನ್ನೂ ಸಪೋರ್ಟ್ ಹಾಕುವಾಗಲೇ ಯೋಚಿಸಿರಬೇಕು.

ಇನ್ನು ಗೈಡ್. ಎರಡು ಮೇನ್ ಆಂಕರ್ ನಡುವೆ ಒಂದೇ ಬೆಲ್ಲೋಸ್, ಅದೂ ಒಂದು ಆಂಕರಿಗೆ ಅಂಟಿಕೊಂಡಂತೆ ಇರಲಿ. ಇನ್ನೊಂದು ಬದಿಯ ಮೊದಲ ಗೈಡ್ ಪೈಪಿನ ವ್ಯಾಸದ 4 ಪಟ್ಟು ದೂರದೊಳಗೆ, ಅಲ್ಲಿಂದ ಎರಡನೆಯದು 14 ಪಟ್ಟಿನೊಳಗೆ. ನಮ್ಮ ಲೈನಿಗೆ 3.2 ಮೀಟರ್ ಮತ್ತು 11.2 ಮೀಟರ್. ಸುಮ್ಮನೆ ಪೈಪ್ ಕೂತಿರುವ ಸ್ಯಾಡಲ್ ಗೈಡ್ ಆಗುವುದಿಲ್ಲ. ಪಕ್ಕಕ್ಕೂ ಮೇಲಕ್ಕೂ ಹೋಗದಂತೆ ಹಿಡಿದು, ಉದ್ದಕ್ಕೆ ಮಾತ್ರ ಜಾರಲು ಬಿಡಬೇಕು. ಗೈಡ್ ಇಲ್ಲದಿದ್ದರೆ ಪೈಪು ಬಿಲ್ಲಿನಂತೆ ಬಾಗಿ, ಬೆಲ್ಲೋಸ್ ಪಕ್ಕಕ್ಕೆ ಉಬ್ಬಿ ಹೋಗುತ್ತದೆ.

ಲೈನಿನಲ್ಲಿ ಎಲ್ ಬೆಂಡ್ ಇದ್ದರೆ ನಾನಂತೂ ಟೈ ರಾಡ್ (ಎರಡು ತುದಿಯನ್ನೂ ಕಟ್ಟಿ ಹಿಡಿಯುವ ಸರಳು) ಇರುವ ಎರಡು ಬೆಲ್ಲೋಸಿನ ಯೂನಿವರ್ಸಲ್ ಜಾಯಿಂಟ್ ಅಥವಾ ಹಿಂಜ್ ಜೋಡಿಯನ್ನೇ ಆರಿಸುತ್ತೇನೆ. ತಳ್ಳನ್ನು ರಾಡುಗಳೋ ಹಿಂಜುಗಳೋ ಹೊರುತ್ತವೆ, ಆಂಕರ್ ಹಗುರಾಗುತ್ತದೆ. ಜಾಯಿಂಟಿಗೆ ದುಡ್ಡು ಜಾಸ್ತಿ ನಿಜ, ಆದರೆ 13 ಟನ್ ಹೊರುವ ಆಂಕರಿನ ಉಕ್ಕು, ಕಾಂಕ್ರೀಟಿನ ಖರ್ಚನ್ನೂ ಪಕ್ಕದಲ್ಲಿಟ್ಟು ನೋಡಿ.

ಕೂರಿಸುವಾಗ ಆಗುವ ಒಂದು ಎಡವಟ್ಟನ್ನು ಬಿಡಿಸಿ ಹೇಳಲೇಬೇಕು. ಆಕ್ಸಿಯಲ್ (ಉದ್ದಕ್ಕೆ ಮಾತ್ರ ಕುಗ್ಗಿ ಹಿಗ್ಗುವ) ಬೆಲ್ಲೋಸ್ ಮೇಲೆ ಸಾಮಾನ್ಯವಾಗಿ ಹಳದಿ ಬಣ್ಣ ಬಳಿದ ಬಾರ್‌ಗಳಿರುತ್ತವೆ. ಲಾರಿಯಲ್ಲಿ ಬರುವಾಗ ಅಲುಗದಿರಲಿ ಅಂತ ಹಾಕಿದವು. ಆಂಕರ್, ಗೈಡ್ ಎಲ್ಲ ಕೂತ ಮೇಲೆ, ಟೆಸ್ಟಿಗೆ ಮುಂಚೆ ಅವನ್ನು ತೆಗೆಯಬೇಕು. ತೆಗೆಯದೆ ಸ್ಟೀಮ್ ಬಿಟ್ಟರೆ ಬೆಲ್ಲೋಸ್ ಇದ್ದೂ ಇಲ್ಲದ ಹಾಗೆ, ಪೈಪಿನ ಆ 48 ಮಿ.ಮೀ. ಹಿಗ್ಗು ಹೋಗಿ ಟರ್ಬೈನ್ ನಾಝಲ್ಲನ್ನು (ಪೈಪು ಸೇರುವ ಬಾಯಿ) ಒತ್ತುತ್ತದೆ. ಅದೇ ಯೂನಿವರ್ಸಲ್ ಜಾಯಿಂಟಿನ ಟೈ ರಾಡುಗಳು ಜೀವನಪೂರ್ತಿ ಇರಬೇಕಾದವು. ಅವನ್ನೂ ಸಾಗಾಟದ ಬಾರ್ ಅಂದುಕೊಂಡು ನಟ್ಟು ಸಡಿಲಿಸಿದರೆ, ಹೊರುವವರೇ ಇಲ್ಲದೆ ಬೆಲ್ಲೋಸ್ ಎಳೆದುಕೊಂಡು ಹರಿಯುತ್ತದೆ. ಡ್ರಾಯಿಂಗ್ ನೋಡದೆ ಸ್ಪ್ಯಾನರ್ ಹಾಕಲು ಯಾರಿಗೂ ಬಿಡಬೇಡಿ.

ಫ್ಲೇಂಜಿನ ಬೋಲ್ಟ್ ತೂತು ಕೂಡದಿದ್ದಾಗ ಬೆಲ್ಲೋಸನ್ನು ತಿರುಚಿ ಕೂಡಿಸುವುದು ಇನ್ನೊಂದು ಕೆಟ್ಟ ಅಭ್ಯಾಸ. ಮಾಮೂಲಿ ಬೆಲ್ಲೋಸ್ ತಿರುಚನ್ನು ತಾಳಿಕೊಳ್ಳುವುದಿಲ್ಲ. ಪೈಪಿನ ಫ್ಲೇಂಜನ್ನೇ ಕತ್ತರಿಸಿ ಸರಿಮಾಡಿ. ಹತ್ತಿರ ವೆಲ್ಡಿಂಗ್ ಇದ್ದರೆ ಸುಕ್ಕುಗಳಿಗೆ ಫೈರ್ ಬ್ಲಾಂಕೆಟ್ ಹೊದಿಸಿ. ಅರ್ಥ್ ಕೇಬಲ್ಲನ್ನು ಬೆಲ್ಲೋಸ್ ದಾಟಿಸಿ ಹಾಕಬೇಡಿ. ಒಳಗೆ ಲೈನರ್ (ಸುಕ್ಕುಗಳನ್ನು ಮರೆಮಾಡುವ ಕೊಳವೆ) ಇದ್ದರೆ ಹೊರಗಿನ ಬಾಣದ ಗುರುತು ಸ್ಟೀಮ್ ಹೋಗುವ ದಿಕ್ಕಿಗೇ ಇರಬೇಕು. ಕೋಲ್ಡ್ ಪುಲ್ ಅಂದರೆ ಲೈನು ತಣ್ಣಗಿರುವಾಗಲೇ ಬೆಲ್ಲೋಸನ್ನು ಸಾಮಾನ್ಯವಾಗಿ ಹಿಗ್ಗುವ 48ರ ಅರ್ಧ, 24 ಮಿ.ಮೀ. ಮುಂಚೆಯೇ ಎಳೆದು ಕೂರಿಸುವುದು. ತಯಾರಕರು ಒಪ್ಪಿದ ಅಳತೆಗಷ್ಟೇ ಎಳೆಯಿರಿ.

1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ರಾಸಾಯನಿಕ ಕಾರ್ಖಾನೆ ಸ್ಫೋಟಿಸಿ 28 ಜನ ಸತ್ತದ್ದು ಇಂಥದೇ ಒಂದು ಲೆಕ್ಕ ಹಾಕದೆ ಬಿಟ್ಟಿದ್ದಕ್ಕೆ. ಬಿರುಕು ಬಿಟ್ಟ ಐದನೇ ರಿಯಾಕ್ಟರನ್ನು ತೆಗೆದು, ನಾಲ್ಕು ಮತ್ತು ಆರರ ನಡುವೆ 20 ಇಂಚಿನ ಬೈಪಾಸ್ ಪೈಪ್ ಹಾಕಿದ್ದರು. ಎರಡು ತುದಿಯಲ್ಲೂ 28 ಇಂಚಿನ ಬೆಲ್ಲೋಸ್. ರಿಯಾಕ್ಟರುಗಳು ಒಂದೇ ಎತ್ತರದಲ್ಲಿರಲಿಲ್ಲವಾದ್ದರಿಂದ ಪೈಪಿಗೆ ಡೊಂಕು ಬಂತು. ಆ ಡೊಂಕಿನಿಂದ ಪ್ರೆಶರಿನ ತಳ್ಳು ಪೈಪನ್ನು ಮಗುಚುವ ಬಲವಾಗಿ, ಬೆಲ್ಲೋಸುಗಳನ್ನು ಅಡ್ಡಡ್ಡ ಎಳೆಯಿತು. ಡ್ರಾಯಿಂಗ್ ಅಂತ ಇದ್ದದ್ದು ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು. ಪೈಪ್ ಕೂತದ್ದು ಸ್ಕ್ಯಾಫೋಲ್ಡಿಂಗ್ ಮೇಲೆ.

ಆಫ್ ಸೀಸನ್ನಿನಲ್ಲಿ ಇನ್ಸುಲೇಷನ್ ಬಿಚ್ಚಿ ಸುಕ್ಕುಗಳ ಕೆಳಭಾಗಕ್ಕೆ ಟಾರ್ಚ್ ಹಿಡಿದು ನೋಡಿ. ಅಲ್ಲಿ ನಿಂತ ನೀರು ಆರುತ್ತಾ ಹೋದಂತೆ ಕ್ಲೋರೈಡ್ ದಟ್ಟವಾಗಿ, 304 ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿಸಬಲ್ಲದು. ಕಣ್ಣಿಗೆ ಅನುಮಾನ ಬಂದರೆ ಡೈ ಪೆನೆಟ್ರಂಟ್ (ಬಿರುಕನ್ನು ಎತ್ತಿ ತೋರಿಸುವ ಬಣ್ಣ) ಹಾಕಿ. ವೈರ್ ಬ್ರಷ್ ಬೇಡ. ಸುಕ್ಕುಗಳ ನಡುವಿನ ಅಂತರವನ್ನು ಸುತ್ತ ನಾಲ್ಕು ಕಡೆ ಅಳೆದು ರಿಜಿಸ್ಟರಿನಲ್ಲಿ ಬರೆದಿಡಿ. ಮುಂದಿನ ವರ್ಷ ಒಂದು ಬದಿ ಕಿರಿದಾಗಿದ್ದರೆ, ಹೊಸ ಬೆಲ್ಲೋಸಿಗೆ ಇಂಡೆಂಟ್ ಹಾಕುವ ಮೊದಲು ಆಂಕರಿನ ಬುಡದ ವೆಲ್ಡ್ ನೋಡಿ ಬನ್ನಿ.