ತಾಳ ಹಿಡಿದ ಇಂಗ್ಲಿಷ್

ಧಾರವಾಡದ ಸಪ್ತಾಪುರದಲ್ಲಿ ಎಲ್ಲಿ ನೋಡಿದರೂ ಕೋಚಿಂಗ್ ಕ್ಲಾಸಿನ ಬೋರ್ಡು, ಅದರಲ್ಲಿ ಸ್ಪೋಕನ್ ಇಂಗ್ಲಿಷ್ ಇದ್ದೇ ಇರುತ್ತದೆ. ಕ್ಲಾಸಿನಲ್ಲಿ ಎದ್ದು ನಿಂತು ತನ್ನ ಹೆಸರು, ಊರು ಹೇಳಲು ತಡವರಿಸುವ ಹುಡುಗ ರೂಮಿಗೆ ಬಂದು ಬಕೆಟ್ ಮುಂದೆ ಕೂತು ಅಂಗಿಗೆ ಸಾಬೂನು ತಿಕ್ಕುತ್ತಾ ಇಂಗ್ಲಿಷ್ ಹಾಡಿನ ಪಲ್ಲವಿಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಅರ್ಥ ಏನಪ್ಪಾ ಅಂದರೆ, "ಅದ್ಯಾರಿಗೆ ಬೇಕ್ರೀ, ಹಾಡು ಮಸ್ತ್ ಐತಿ!"

ಅರ್ಥ ಆಮೇಲೆ ಬಂದರೂ ನಡೆಯುತ್ತದೆ ಬಿಡಿ, ಇಂಗ್ಲಿಷ್ ಮಾತು ಕಲಿಯಲು ಹಾಡೇ ಒಳ್ಳೇ ದಾರಿ. ಐದನೇ ಕ್ಲಾಸಿಗೆ ಎಬಿಸಿಡಿ ಶುರು ಮಾಡಿದ ನಮ್ಮಂಥವರಿಗೆ ಕಷ್ಟ ಆಗುವುದು ಇಂಗ್ಲಿಷಿನ ಲಯ. ಕನ್ನಡದಲ್ಲಿ ನಾವು ಯಾವ ಅಕ್ಷರಕ್ಕೂ ಮೋಸ ಮಾಡುವುದಿಲ್ಲ. ಇಂಗ್ಲಿಷಿನವರು ಒಂದು ಕಡೆ ಜೋರಾಗಿ ಒತ್ತಿ ಉಳಿದದ್ದನ್ನು ನುಂಗಿಬಿಡುತ್ತಾರೆ. 'ವಾಂಟ್ ಟು' ಹೋಗಿ 'ವಾನ್ನಾ', 'ಗೋಯಿಂಗ್ ಟು' ಹೋಗಿ 'ಗೊನ್ನಾ'. ಅದೂ ಅಲ್ಲದೆ ನಮ್ಮ ನಾಲಿಗೆಗೆ ಪದದ ಕೊನೆಗೊಂದು ಸ್ವರ ಬೇಕೇ ಬೇಕು: ಬಸ್ಸು, ಬೆಂಚು, ಬಲ್ಬು. ಮಾತಿನಲ್ಲಿ ಆ 'ಉ' ನಡೆದುಹೋಗುತ್ತದೆ. ಹಾಡಿನಲ್ಲಿ ಒಂದು 'ಉ' ಜಾಸ್ತಿ ಆದರೂ ತಾಳ ತಪ್ಪುತ್ತೆ, ಪಕ್ಕದವರು ಮುಂದೆ ಹೋಗಿರುತ್ತಾರೆ. ತಪ್ಪು ತಾನಾಗೇ ಗೊತ್ತಾಗುತ್ತೆ, ಮಾಸ್ತರ್ರು ಬಾಯಿ ನೋಯಿಸಿಕೊಳ್ಳುವುದೇ ಬೇಡ.

ಹೀಗೆ ಹಾಡಿ ಕಲಿಯುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ ಅಲ್ವಾ? ಹಿಂದೂಸ್ತಾನಿ ಸಂಗೀತದ ಚೀಜುಗಳಲ್ಲಿ, ಅಂದರೆ ಹಾಡುಗಳಲ್ಲಿ, ಬಹಳಷ್ಟು ಉತ್ತರದ ಬ್ರಜ ಭಾಷೆಯವು, ನಮ್ಮ ಮಾತಲ್ಲ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಗುರು ಸವಾಯಿ ಗಂಧರ್ವರ ಎದುರು ಕೂತು, ಅವರು ಹೇಳಿಕೊಟ್ಟದ್ದನ್ನೇ ಮತ್ತೆ ಮತ್ತೆ ಹಾಡಿ ಕಲಿತರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಕಿವಿಯಿಂದಲೇ ಕಲಿತು ದೊಡ್ಡ ಗವಾಯಿಗಳಾದರು. ಮೊದಲು ಕಿವಿ, ಆಮೇಲೆ ಬಾಯಿ, ಪುಸ್ತಕ ಬಂದರೆ ಕೊನೆಗೆ. ಇಂಗ್ಲಿಷಿಗೆ ಮಾತ್ರ ನಾವು ಉಲ್ಟಾ ಹೊರಟಿದ್ದೇವೆ.

ಅಮೆರಿಕದ ಕ್ಯಾರೊಲಿನ್ ಗ್ರಹಾಂ ಎಂಬ ಮೇಡಂ 1978ರಲ್ಲೇ ದಿನನಿತ್ಯದ ಮಾತುಗಳನ್ನು ಜಾಝ್ ಸಂಗೀತದ ಲಯಕ್ಕೆ ಕೂಡಿಸಿ 'ಜಾಝ್ ಚಾಂಟ್ಸ್' ಅಂತ ಪುಸ್ತಕವನ್ನೇ ತಂದರು. ರಾಗ ಬೇಡ, ಬೆಂಚು ಬಡಿದರೆ ಸಾಕು. ಬೆಂಚು ಬಡಿಯಲು ನಮ್ಮ ಹುಡುಗರಿಗೆ ಟ್ರೇನಿಂಗ್ ಬೇರೆ ಬೇಕೇ?

ಸಿಟ್ಟು ಬರುವುದು ಎಲ್ಲಿ ಅಂದರೆ, ಒಳ್ಳೇ ಹಾಡನ್ನು ಒಂದು ಸಲ ಹಾಕಿ, ಕೂಡಲೇ ಝೆರಾಕ್ಸ್ ಹಾಳೆ ಹಂಚಿ ಬಿಟ್ಟ ಸ್ಥಳ ತುಂಬಿ ಅನ್ನುತ್ತಾರಲ್ಲ, ಅಲ್ಲಿ. ಬಿಟ್ಟ ಸ್ಥಳ ಬೇಡ ಅಂತಲ್ಲ. ದೊಡ್ಡ ಪದಗಳನ್ನು ಹಾಳೆಯಲ್ಲೇ ಉಳಿಸಿ 'ಆಫ್', 'ಟು', 'ಅಟ್' ಇರುವ ಕಡೆ ಖಾಲಿ ಬಿಟ್ಟರೆ ಕಿವಿಗೆ ನಿಜವಾದ ಕಸರತ್ತು. ಅದೂ ಮಕ್ಕಳು ನಾಲ್ಕು ಸಲ ಸುಮ್ನೆ ಹಾಡಿದ ಮೇಲೆ.

ಗ್ರಾಮರ್ ಮಾತ್ರ ಹಾಡಿನಿಂದ ಕಲಿಯಬೇಡಿ. ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲೆಂಡಿನ ರಾಕ್ ತಂಡದವರ 1965ರ ಹಾಡು 'ಐ ಕಾಂಟ್ ಗೆಟ್ ನೋ ಸ್ಯಾಟಿಸ್‌ಫ್ಯಾಕ್ಷನ್' ಇದೆಯಲ್ಲ, ಹೆಸರಿನಲ್ಲೇ ಎರಡೆರಡು 'ಇಲ್ಲ'. ಅವರಿಗೆ ಅದರಿಂದ ಲೋಕದ ತುಂಬ ಹೆಸರು ಬಂತು. ನಮ್ಮ ಹುಡುಗರು ಪರೀಕ್ಷೆಯಲ್ಲಿ ಹಾಗೇ ಬರೆದರೆ ಅರ್ಧ ಮಾರ್ಕ್ಸೂ ಬರಲ್ಲ.