ಉರುಳುಸೇವೆಗೆ ಒಂದು ರಸೀದಿ

ಟಿಕೆಟ್ ಕೌಂಟರಿನ ಮೇಲೆ ತೂಗುಹಾಕಿದ್ದ ದರಪಟ್ಟಿಯನ್ನು ಅತ್ತೆಯವರು ಕನ್ನಡಕ ಸರಿಪಡಿಸಿಕೊಂಡು ಮೊದಲಿನಿಂದ ಕೊನೆಯವರೆಗೂ ಓದಿದರು. ಓದಿ ಮುಗಿಸಿ, "ಅಲ್ಲ ಅಳಿಯಂದಿರೇ, ಬರೀ ಧರ್ಮದರ್ಶನಕ್ಕೇ ಇಷ್ಟಾದರೆ ಕಲ್ಯಾಣೋತ್ಸವಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆ?" ಎಂದು ಕೇಳಿದರು.

ಬೆಂಗಳೂರಿನ ಹೊರವಲಯದ ಒಂದು ಥೀಮ್ ಪಾರ್ಕಿಗೆ ಹೋಗುತ್ತಿದ್ದೇವೆಂದು ಅವರಿಗೆ ಮೂರು ದಿನ ಮೊದಲೇ ಹೇಳಿದ್ದೆವು. ಆದರೆ ನಸುಕಿನಲ್ಲಿ ಎದ್ದು, ಬುತ್ತಿ ಕಟ್ಟಿಕೊಂಡು, ಬಾಡಿಗೆ ಕಾರಿನಲ್ಲಿ ಒತ್ತಿಕೊಂಡು ಕುಳಿತು, ಉದ್ದನೆಯ ಸಾಲಿನಲ್ಲಿ ನಿಂತು, ಒದ್ದೆ ಬಟ್ಟೆಯಲ್ಲಿ ನಡುಗುವುದಕ್ಕೆ ಅವರ ಅರವತ್ತೆಂಟು ವರ್ಷದ ಅನುಭವದಲ್ಲಿ ಇದ್ದದ್ದು ಒಂದೇ ಹೆಸರು: ಯಾತ್ರೆ. ಬೆಳಿಗ್ಗೆ ಅವರನ್ನು ತಿದ್ದಲು ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಕೈಬಿಟ್ಟೆ. ಸಂಜೆಯಾಗುವಷ್ಟರಲ್ಲಿ ನಾನೇ ಅವರ ಪಕ್ಷ ಸೇರಿದ್ದೆ.

ಅತ್ತೆಯವರು ಒಂದು ಆಟವನ್ನೂ ಆಡುವವರಲ್ಲ. ಬ್ಯಾಗು, ಚಪ್ಪಲಿ, ಒದ್ದೆ ಟವೆಲು ಕಾಯುತ್ತಾ ನೆರಳಿನಲ್ಲಿ ಕೂರುವವರು. ಅದಕ್ಕೂ ಟಿಕೆಟ್ ಬೇಕು. ಹಿರಿಯ ನಾಗರಿಕರೆಂದು ಸ್ವಲ್ಪ ರಿಯಾಯಿತಿ ಕೊಟ್ಟರು, ನಿಜ. ಆದರೆ ಊರ ಜಾತ್ರೆಯಲ್ಲಿ ಚಪ್ಪಲಿ ಕಾಯುವವನಿಗೆ ನಾವು ಕಾಸು ಕೊಡುತ್ತೇವೆ. ಇಲ್ಲಿ ಚಪ್ಪಲಿ ಕಾಯುವವರೇ ಕಾಸು ಕೊಟ್ಟು ಒಳಗೆ ಬರಬೇಕು.

ಮಕ್ಕಳ ಲೆಕ್ಕ ಇನ್ನೂ ಸ್ವಾರಸ್ಯದ್ದು. ಇಲ್ಲಿ ವಯಸ್ಸನ್ನು ಕೇಳುವುದಿಲ್ಲ, ಗೋಡೆಗೆ ನಿಲ್ಲಿಸಿ ಅಳೆಯುತ್ತಾರೆ. ನಾಲ್ಕನೇ ತರಗತಿಯ ನನ್ನ ಮಗ ನನ್ನ ಕಡೆಯ ಎತ್ತರ ತಂದುಕೊಂಡದ್ದರಿಂದ ಕೌಂಟರಿನ ಮುಂದೆ ಅರ್ಧ ನಿಮಿಷದಲ್ಲಿ ದೊಡ್ಡ ಮನುಷ್ಯನಾಗಿಬಿಟ್ಟ. ಆರು ವರ್ಷದ ಮಗಳದು ಬೇರೆ ಕತೆ. ಈ ಪಾರ್ಕಿನಲ್ಲಿ 90 ಸೆಂಟಿಮೀಟರ್ ಬೆಳೆದರೆ ದುಡ್ಡು ಕೊಡುವ ಅರ್ಹತೆ ಬರುತ್ತದೆ. ಒಳ್ಳೊಳ್ಳೆಯ ಆಟಗಳನ್ನು ಆಡುವ ಅರ್ಹತೆ ಬರುವುದು 120 ದಾಟಿದ ಮೇಲೆ. ನಡುವಿನ 30 ಸೆಂಟಿಮೀಟರ್ ಪೂರ್ತಿ ಪಾರ್ಕಿನ ಲಾಭಕ್ಕೆ ಮೀಸಲು. ಮಗಳು ಪ್ರತಿಯೊಂದು ಆಟದ ಬಾಗಿಲಲ್ಲೂ ಅಳತೆಯ ಕೋಲಿನ ಪಕ್ಕದಲ್ಲಿ ನಿಂತು, ಉಸಿರು ಬಿಗಿಹಿಡಿದು, ಹಿಮ್ಮಡಿ ಎತ್ತಿ, ಜುಟ್ಟನ್ನು ನೆಟ್ಟಗೆ ಮಾಡಿಕೊಂಡು, ಸೋತು ವಾಪಸು ಬಂದಳು. ಸೀಟಿನ ಬಿಗಿಪಟ್ಟಿ ಪುಟ್ಟ ಮೈಗೆ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಆ ನಿಯಮದಲ್ಲಿ ತಪ್ಪು ಹುಡುಕಲಾರೆ. ಇಡೀ ದಿನದಲ್ಲಿ ನಾನು ಕಂಡ ಪೈಕಿ ದುಡ್ಡಿಗೆ ಜಗ್ಗದ ವಸ್ತು ಅದೊಂದೇ ಕೋಲು.

ಬ್ಯಾಗು ತಪಾಸಣೆಯ ಮೇಜಿನ ಬಳಿ ನಮ್ಮ ಬುತ್ತಿ ಸಿಕ್ಕಿಬಿದ್ದಿತು. ಚಿತ್ರಾನ್ನದ ಡಬ್ಬಿ, ಮೊಸರನ್ನದ ಡಬ್ಬಿ, ಉಪ್ಪಿನಕಾಯಿ, ಹಳೆಯ ಪೌಡರ್ ಡಬ್ಬದ ತುಂಬ ಕೋಡುಬಳೆ. ಕಾವಲಿನ ಹುಡುಗ ಒಂದೊಂದನ್ನೇ ಹೊರತೆಗೆದು ಸಾಲಾಗಿ ಇಡುತ್ತಿದ್ದರೆ ಪೊಲೀಸರು ಕಳ್ಳಮಾಲನ್ನು ಮೇಜಿನ ಮೇಲೆ ಹರಡಿ ಫೋಟೋ ತೆಗೆಸಿಕೊಳ್ಳುವುದು ನೆನಪಾಯಿತು.

"ಇದೇನು ಅಜ್ಜಿ?"

"ಬಳೆ."

"ಬಳೆಯೇ?"

"ಕೋಡುಬಳೆ."

ಹುಡುಗ ನಗಲಿಲ್ಲ. ಮಗುವಿನ ಹಾಲು, ಔಷಧಿ ಬಿಟ್ಟು ಹೊರಗಿನ ಯಾವ ತಿನಿಸೂ ಒಳಗೆ ಹೋಗುವಂತಿಲ್ಲ ಎಂದು ಒಪ್ಪಿಸಿ, ಒಂದು ಟೋಕನ್ ಕೊಟ್ಟು, ಡಬ್ಬಿಗಳನ್ನು ಹಿಂದಿನ ಕಪಾಟಿಗೆ ಸೇರಿಸಿದ. ಅಲ್ಲಿ ಆಗಲೇ ನಾಡಿನ ನಾನಾ ಅಡುಗೆಮನೆಗಳ ಡಬ್ಬಿಗಳು ಬಂಧನದಲ್ಲಿದ್ದವು. ಒಂದು ಬಟ್ಟೆಗಂಟಿನಿಂದ ಜೋಳದ ರೊಟ್ಟಿಯ ಅಂಚು ಇಣುಕುತ್ತಿತ್ತು.

ಕಾನೂನು ಮಾತಾಡೋಣವೆಂದು ಬಾಯಿ ತೆರೆದವನು ಮುಚ್ಚಿಕೊಂಡೆ. ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಚಿತ್ರಮಂದಿರದ ಮಾಲೀಕರಿಗಿದೆ, ಕುಡಿಯುವ ನೀರನ್ನು ಮಾತ್ರ ಉಚಿತವಾಗಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಯಾರೋ ಜಿಲೇಬಿ ತಂದು ತಿಂದು ಅಂಟು ಬೆರಳನ್ನು ಸೀಟಿಗೆ ಒರೆಸಿದರೆ ಏನು ಗತಿ ಎಂಬ ಪ್ರಶ್ನೆಯೂ ಆ ವಿಚಾರಣೆಯಲ್ಲಿ ಬಂದಿತ್ತು. ಕೋಡುಬಳೆಗೆ ಪಾಕವಿಲ್ಲ ಎಂಬ ನನ್ನ ವಾದವನ್ನು ಯಾವ ಪೀಠದ ಮುಂದೆ ಮಂಡಿಸಲಿ? ಒಳಗೆ ಹೋಗಿ ಮೊದಲ ತಿರುವು ದಾಟಿದರೆ ಒಂದು ಗೂಡಂಗಡಿ. ಅಲ್ಲಿ ಬಿಸಿಬಿಸಿಯಾಗಿ, ಮೊಣಕೈವರೆಗೆ ಪಾಕ ಸೋರುವ ಹಾಗೆ, ಮಾರುತ್ತಿದ್ದದ್ದು ಜಿಲೇಬಿ.

ಇನ್ನು ನೀರು. ಇದೆ ಎಂದರು. ಸಿಬ್ಬಂದಿಯೊಬ್ಬ ಕೈ ತೋರಿಸಿದ ದಿಕ್ಕಿನಲ್ಲಿ ನಡೆದು ಜನರೇಟರ್ ಕೋಣೆಯವರೆಗೂ ಹೋಗಿಬಂದೆ. ದಾರಿಯಲ್ಲಿ ಬಾಟಲಿ ಮಾರುವ ಅಂಗಡಿಗಳು ಮಾತ್ರ ಇಪ್ಪತ್ತು ಹೆಜ್ಜೆಗೊಂದು ಸಿಕ್ಕಿದವು. ಅಮೆರಿಕದಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ಕೊಳಾಯಿ ಕೆಲಸದವರು ಮುಷ್ಕರ ಹೂಡಿದ್ದರು. ಶೌಚಾಲಯ ಇಲ್ಲವೇ ಕುಡಿಯುವ ನೀರಿನ ನಲ್ಲಿ, ಎರಡರಲ್ಲಿ ಒಂದೇ ಸಿದ್ಧವಾಗುವ ಸ್ಥಿತಿ. ವಾಲ್ಟ್ ಡಿಸ್ನಿ ಶೌಚಾಲಯವನ್ನು ಆರಿಸಿಕೊಂಡರು. ಸುಡುವ ಬಿಸಿಲಿನಲ್ಲಿ ಒಣಗಿದ ನಲ್ಲಿಗಳನ್ನು ಕಂಡ ಜನ, ತಂಪು ಪಾನೀಯ ಮಾರುವುದಕ್ಕೇ ಹೀಗೆ ಮಾಡಿದ್ದಾರೆಂದು ಗೊಣಗಿದರಂತೆ. ಪಾಪ, ಅವರದು ಬರೀ ಸಂಶಯ. ನಮ್ಮವರು ಅದನ್ನೊಂದು ಶಾಸ್ತ್ರವನ್ನಾಗಿಯೇ ಬೆಳೆಸಿದ್ದಾರೆ.

ಪುಣ್ಯಸ್ನಾನಕ್ಕೆ ಹೊರಟರೆ ಮತ್ತೊಂದು ತಡೆ. ಹತ್ತಿಬಟ್ಟೆ ತೊಟ್ಟು ನೀರಿಗೆ ಇಳಿಯುವಂತಿಲ್ಲ, ನೈಲಾನ್ ಬೇಕು. ಹತ್ತಿಯ ಎಳೆ ಬಿಟ್ಟುಕೊಂಡು ನೀರು ಸೋಸುವ ಯಂತ್ರ ಕಟ್ಟಿಕೊಳ್ಳುತ್ತದೆ ಎನ್ನುವುದು ಕಾರಣ, ಅದೂ ಸರಿಯೇ. ಆದರೆ ಅತ್ತೆಯವರಿಗೆ ಅದು ತಲುಪಿದ್ದು ಬೇರೆ ರೀತಿಯಲ್ಲಿ. "ಹಾಗಾದರೆ ಇಲ್ಲಿ ಹತ್ತಿ ಮೈಲಿಗೆ, ನೈಲಾನ್ ಮಡಿ" ಎಂದು ಅರ್ಥ ಮಾಡಿಕೊಂಡು, ಐವತ್ತು ವರ್ಷ ತಾವು ಪಾಲಿಸಿದ್ದು ಉಲ್ಟಾ ಆಯಿತೇ ಎಂದು ಚಿಂತಿಸುತ್ತಾ ಬೆಂಚಿನ ಮೇಲೆ ಕುಳಿತರು. ಮಡಿಬಟ್ಟೆ ಮಾರುವ ಅಂಗಡಿ ಪಕ್ಕದಲ್ಲಿಯೇ ಇತ್ತು ಎಂದು ಬೇರೆ ಹೇಳಬೇಕಿಲ್ಲ. ತೊಡೆಯ ಮೇಲೆ ಡಾಲ್ಫಿನ್ ಕುಣಿಯುವ ಚಡ್ಡಿಯೊಂದನ್ನು ಕೊಂಡೆ. ಆ ಚಡ್ಡಿಯಲ್ಲಿ ನನ್ನನ್ನು ಕಂಡ ಹೆಂಡತಿ ಅರ್ಧ ಗಂಟೆ ನನ್ನಿಂದ ಹತ್ತಡಿ ದೂರದಲ್ಲಿ ನಡೆದಳು.

ಕೃತಕ ಮಳೆಯ ಕೆಳಗೆ ಜನ ಕುಣಿಯುತ್ತಿದ್ದರು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿಯವರು, ಹೋಳಿ ಹಬ್ಬಕ್ಕೆ ಕಾವೇರಿ ನೀರು, ಕೊಳವೆಬಾವಿ ನೀರು ಸುರಿಸಿ ಮಳೆನೃತ್ಯ ಮಾಡಬೇಡಿ ಎಂದು ಜನರಿಗೆ ತಿಳಿಹೇಳಬೇಕಾಗಿ ಬಂದಿತ್ತು. ಮನೆಯಲ್ಲಿ ಟ್ಯಾಂಕರಿಗೆ ಕಾದು, ಇಲ್ಲಿಗೆ ಬಂದು ಟಿಕೆಟ್ ಕೊಟ್ಟು ನೆನೆಯುವ ನಾವು ಅಸಾಮಾನ್ಯರು.

ಈಗ ಸಾಲಿನ ವಿಷಯಕ್ಕೆ ಬರುತ್ತೇನೆ. ಇಡೀ ಕ್ಷೇತ್ರದ ಗರ್ಭಗುಡಿ ಇರುವುದು ಆ ಸಾಲಿನಲ್ಲಿಯೇ.

ಪ್ರತಿಯೊಂದು ದೊಡ್ಡ ಆಟಕ್ಕೂ ಎರಡು ಸಾಲು. ಕಬ್ಬಿಣದ ಸರಳುಗಳ ನಡುವೆ ಹಾವಿನಂತೆ ಸುತ್ತಿ ಸುತ್ತಿ ಹೋಗುವುದು ನಮ್ಮದು. ಪಕ್ಕದಲ್ಲಿ ಕೆಂಪು ಹಗ್ಗ ಕಟ್ಟಿದ, ಖಾಲಿ ಬಿದ್ದಿರುವ ರಾಜಮಾರ್ಗ ಇನ್ನೊಂದು. ಹೆಚ್ಚುಕಡಿಮೆ ದುಪ್ಪಟ್ಟು ತೆತ್ತವರಿಗೆ ಕೈಗೆ ಬೇರೆ ಬಣ್ಣದ ಪಟ್ಟಿ ಕಟ್ಟುತ್ತಾರೆ. ಅವರು ಆ ದಾರಿಯಲ್ಲಿ ಸರಸರನೆ ಬಂದು ನಮ್ಮ ಮುಂದೆಯೇ ಸೀಟು ಏರುತ್ತಾರೆ. ಅತ್ತೆಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ತಿರುಪತಿಯಲ್ಲಿ 300 ರೂಪಾಯಿಯ ಸಾಲನ್ನು ನೋಡಿದವರು ಅವರು. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ಮುಂದೆ 300ರ ಸಾಲು, 1000ದ ಸಾಲು ಎರಡನ್ನೂ ಕಂಡವರು. "ಶೀಘ್ರದರ್ಶನ ಎಲ್ಲಾ ಕಡೆ ಇರುವುದೇ" ಎಂದು ನನ್ನನ್ನೇ ಸಮಾಧಾನ ಮಾಡಿದರು.

ಸುಮ್ಮನಿರದವನು ಮಗ. ರೋಲರ್ ಕೋಸ್ಟರಿನ ಸಾಲಿನಲ್ಲಿ ಐವತ್ತನೇ ನಿಮಿಷ ಕಳೆಯುತ್ತಿತ್ತು. ಕೆಂಪು ಹಗ್ಗದ ಕಡೆಯಿಂದ ಎಂಟು ಜನರ ಕುಟುಂಬವೊಂದು ಬಂದು, ನಾವು ಏರಬೇಕಿದ್ದ ಗಾಡಿಯನ್ನು ತುಂಬಿಸಿಕೊಂಡು ಹೋಯಿತು. ಅದರಲ್ಲಿದ್ದ ಹುಡುಗನೊಬ್ಬ ನನ್ನ ಮಗನಿಗೆ ಕೈ ಬೀಸಿದ ಕೂಡ.

"ಅಪ್ಪ, ಅವರು ಬೇಗ ಹೋದರೆ ನಮಗೆ ತಡವಾಗುತ್ತದೆ ಅಲ್ಲವೇ?"

"ಹೌದು."

"ಮತ್ತೆ ಆ ದುಡ್ಡನ್ನು ಅವರು ನಮಗಲ್ಲವೇ ಕೊಡಬೇಕಾದದ್ದು?"

ನಾಲ್ಕನೇ ತರಗತಿಯ ಗಣಿತಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಹಿಂದೆ ನಿಂತಿದ್ದ ಮೂವರು ತಲೆದೂಗಿದರು. ಪಾರ್ಕಿನವರು ಮಾರುತ್ತಿದ್ದದ್ದು ನನ್ನ ಐವತ್ತು ನಿಮಿಷವನ್ನು. ಮಾಲು ನನ್ನದು, ಗಲ್ಲಾಪೆಟ್ಟಿಗೆ ಅವರದು. ನನ್ನ ಸಾಲು ಉದ್ದವಾದಷ್ಟೂ ಆ ಹಗ್ಗದ ಬೆಲೆ ಏರುತ್ತದೆ. ಹೀಗಿರುವಾಗ ಸಾಲನ್ನು ಚಿಕ್ಕದು ಮಾಡುವ ದಡ್ಡತನ ಯಾರು ಮಾಡಿಯಾರು? ಎಂಟು ಗಾಡಿ ಓಡಿಸಬಹುದಾದ ಕಡೆ ಎರಡು ಗಾಡಿ ಶೆಡ್ಡಿನಲ್ಲಿ ಮುಸುಕು ಹೊದ್ದು ಮಲಗಿದ್ದನ್ನು ನಾನು ಕಣ್ಣಾರೆ ಕಂಡೆ.

ಇದರ ಮೂಲಪುರುಷರೂ ಆರಂಭದಲ್ಲಿ ಇಷ್ಟು ಪಕ್ವವಾಗಿರಲಿಲ್ಲ. ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ಎಂಬ ಚೀಟಿ ತಂದಾಗ ಅದು ಎಲ್ಲರಿಗೂ ಬಿಟ್ಟಿ: ಚೀಟಿ ತೆಗೆದುಕೊಳ್ಳಿ, ಬೇರೆ ಕಡೆ ಸುತ್ತಾಡಿ, ಹೇಳಿದ ಹೊತ್ತಿಗೆ ಬನ್ನಿ. 2021ರಲ್ಲಿ ಅದನ್ನು ಮುಚ್ಚಿ, ಕಾಸು ಕೊಟ್ಟವರ ಸಾಲನ್ನು ತೆರೆದರು. ಇಪ್ಪತ್ತೆರಡು ವರ್ಷ ಬೇಕಾಯಿತು ಅವರಿಗೆ. ನಮ್ಮಲ್ಲಿ ದೇವಸ್ಥಾನದಲ್ಲಿಯೇ ಅಭ್ಯಾಸವಾಗಿದ್ದರಿಂದ ಯಾರೂ ಹುಬ್ಬೇರಿಸಲಿಲ್ಲ.

ಸರ್ಕಾರಕ್ಕೂ ಈ ಕ್ಷೇತ್ರದ ಮೇಲೆ ಭಕ್ತಿ ಇದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಥೀಮ್ ಪಾರ್ಕನ್ನು ಕ್ಯಾಸಿನೊ, ಕುದುರೆ ರೇಸುಗಳ ಜೊತೆ ಕೂರಿಸಿ ಶೇಕಡಾ 28 ಹಾಕಿದ್ದರು. ಮಕ್ಕಳನ್ನು ಕರೆದುಕೊಂಡು ಹೋಗುವ ಅಪ್ಪನೂ ಒಂದು ಬಗೆಯ ಜೂಜುಕೋರನೇ ಎಂದು ಯಾವನೋ ಅನುಭವಸ್ಥ ಅಧಿಕಾರಿ ಕಂಡುಕೊಂಡಿರಬೇಕು. 2018ರ ಜನವರಿಯಲ್ಲಿ ಕರುಣೆ ಬಂದು 18ಕ್ಕೆ ಇಳಿಸಿದರು. ಆ ಪಟ್ಟಿಯಲ್ಲಿ ಥೀಮ್ ಪಾರ್ಕ್, ವಾಟರ್ ಪಾರ್ಕ್, ತಿರುಗುವ ಕುದುರೆಗಳ ಜೊತೆಗೆ ಬ್ಯಾಲೆ ನೃತ್ಯವೂ ಇದೆ. ಡಾಲ್ಫಿನ್ ಚಡ್ಡಿಯಲ್ಲಿ, ಕಾದ ಸಿಮೆಂಟಿನ ಮೇಲೆ ಬರಿಗಾಲಿನಲ್ಲಿ ಹೆಜ್ಜೆ ಹಾಕುವಾಗ ಆ ಸೇರ್ಪಡೆಯ ಔಚಿತ್ಯ ನನಗೆ ಹೊಳೆಯಿತು.

ಅಂತೂ ನಮ್ಮ ಸರದಿ ಬಂತು. ಬಿಗಿಪಟ್ಟಿ ಎದೆಗೆ ಕೂತಿತು. ಮುಂದಿನದನ್ನು ನಾನು ಕಣ್ಣು ಮುಚ್ಚಿದ್ದರಿಂದ ವರ್ಣಿಸಲಾರೆ. ಕೆಳಗಿನಿಂದ ನೋಡುತ್ತಿದ್ದ ಅತ್ತೆಯವರು ಮಾತ್ರ ಪೂರ್ತಿ ಕಂಡಿದ್ದರು. "ಯಾವ ಹರಕೆ ಹೊತ್ತಿದ್ದಿರೋ, ಉರುಳುಸೇವೆ ಚೆನ್ನಾಗಿ ಆಯಿತು" ಎಂದರು. ಹೊರಬರುವ ದಾರಿ ಒಂದು ಅಂಗಡಿಯ ಮೂಲಕವೇ. ಅಲ್ಲಿನ ಪರದೆಯ ಮೇಲೆ, ಬೀಳುವ ಕ್ಷಣದಲ್ಲಿ ಅವರ ಕ್ಯಾಮೆರಾ ಹಿಡಿದ ನನ್ನ ಮುಖ: ಬಾಯಿ ತೆರೆದು, ಕಣ್ಣು ಮೇಲೆ ಸಿಕ್ಕಿ, ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಕೂತವನಂತೆ. ನನ್ನದೇ ಮುಖವನ್ನು ನನಗೇ ಮಾರಲು 250 ರೂಪಾಯಿ ಕೇಳಿದರು. ಬೇಡವೆಂದೆ. ಹಾಗಿದ್ದರೆ ಚಿತ್ರ ಪರದೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ ಎಂದಳು ಹುಡುಗಿ, ತುಂಬ ವಿನಯದಿಂದ. ಕೊಂಡುಕೊಂಡೆ.

ನಡುವೆ ಒಂದು ಪಿರಮಿಡ್ಡು, ಒಂದು ಕೌಬಾಯ್ ಬೀದಿ, ಕಿವಿ ಮುರಿದ ಫೈಬರ್ ಆನೆ ಎಲ್ಲವನ್ನೂ ನೋಡಿದೆವು. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದಿದೆಯಲ್ಲ, ಅದನ್ನು ಹುಡುಕಿದೆ. "ಉಗುಳಬೇಡಿ" ಎಂಬುದು ಕನ್ನಡದಲ್ಲಿತ್ತು. "ಅವಘಡಗಳಿಗೆ ಆಡಳಿತ ಮಂಡಳಿ ಹೊಣೆಯಲ್ಲ" ಎಂಬುದು ಇನ್ನೂ ಅಚ್ಚುಕಟ್ಟಾದ ಕನ್ನಡದಲ್ಲಿತ್ತು.

ಮಗ ಎಲ್ಲವನ್ನೂ ಕೈಗಡಿಯಾರದಲ್ಲಿ ಗುರುತು ಹಾಕಿಕೊಂಡಿದ್ದ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರವರೆಗೆ ಏಳು ಆಟ, ಆಡಿದ್ದು ಒಟ್ಟು ಹದಿಮೂರು ನಿಮಿಷ. ಖರ್ಚನ್ನು ಹದಿಮೂರರಿಂದ ಭಾಗಿಸಲು ಹೊರಟವನ ಕೈಗೆ ಅವನಮ್ಮ ಐಸ್‌ಕ್ರೀಮು ಕೊಟ್ಟು ಲೆಕ್ಕ ನಿಲ್ಲಿಸಿದಳು. ಆ ಐಸ್‌ಕ್ರೀಮಿನ ಬೆಲೆಯನ್ನು ಅವನು ಮತ್ತೆ ಲೆಕ್ಕಕ್ಕೆ ಸೇರಿಸಿದ.

ಟೋಕನ್ ಕೊಟ್ಟು ಡಬ್ಬಿಗಳನ್ನು ಜಾಮೀನಿನ ಮೇಲೆ ಬಿಡಿಸಿಕೊಂಡು ಪಾರ್ಕಿಂಗ್ ಜಾಗಕ್ಕೆ ಬಂದರೆ, ಅಲ್ಲಿ ಜಾತ್ರೆಯೇ ನೆರೆದಿತ್ತು. ಕಾರುಗಳ ಡಿಕ್ಕಿಗಳೆಲ್ಲ ತೆರೆದಿದ್ದವು. ರೊಟ್ಟಿಯ ಗಂಟು ಬಿಚ್ಚಿಕೊಂಡು ಒಂದು ಕುಟುಂಬ ಕುಳಿತಿತ್ತು. ಬಾನೆಟ್ ಮೇಲೆ ಬಾಳೆಲೆ ಹಾಸಿದವರೂ ಇದ್ದರು. ನಮ್ಮ ಚಿತ್ರಾನ್ನ ಹಳಸಿತ್ತು, ಮೊಸರನ್ನ ಹುಳಿಯಾಗಿತ್ತು. ಕೋಡುಬಳೆ ಮಾತ್ರ ಗರಿಗರಿ. ರೊಟ್ಟಿಯವರು ಶೇಂಗಾ ಚಟ್ನಿ ಕೊಟ್ಟರು, ನಾವು ಕೋಡುಬಳೆ ಕೊಟ್ಟೆವು. ಎತ್ತರ ಕೇಳದೆ ಮಗಳಿಗೂ ಒಂದು ಪೂರ್ತಿ ರೊಟ್ಟಿ ಸಿಕ್ಕಿತು.

ಅಷ್ಟರಲ್ಲಿ ಸೀಟಿ ಊದುತ್ತಾ ಒಬ್ಬ ಬಂದ. ಬೆಳಿಗ್ಗೆ ಕಪಾಟಿಗೆ ಡಬ್ಬಿ ತುಂಬಿದ್ದ ಅದೇ ಹುಡುಗ. ಸಂಜೆ ಇಲ್ಲಿಗೆ ಪಾಳಿ.

"ಪಾರ್ಕಿಂಗ್ ಜಾಗದಲ್ಲಿ ಊಟ ಮಾಡುವಂತಿಲ್ಲ, ಬೋರ್ಡ್ ಇದೆ ನೋಡಿ."

ಅತ್ತೆಯವರು ಬೋರ್ಡಿನ ಕಡೆ ನೋಡಲಿಲ್ಲ. ಪೌಡರ್ ಡಬ್ಬದ ಮುಚ್ಚಳ ತೆಗೆದು ಅವನ ಮುಂದೆ ಹಿಡಿದು, "ಎಷ್ಟು ಹೊತ್ತಿಗೆ ಉಂಡೆಯಪ್ಪ?" ಎಂದರು.

ಹುಡುಗ ಕಂಬದ ಮೇಲಿದ್ದ ಕ್ಯಾಮೆರಾವನ್ನು ಒಮ್ಮೆ ನೋಡಿದ. ಅದಕ್ಕೆ ಬೆನ್ನು ತಿರುಗಿಸಿ ನಿಂತು ಎರಡು ಬಳೆ ತೆಗೆದುಕೊಂಡ.

"ಬೇಗ ತಿಂದು ಹೊರಡಿ ಅಜ್ಜಿ, ಏಳಕ್ಕೆ ಸೂಪರ್‌ವೈಸರ್ ಬರುತ್ತಾರೆ" ಎಂದು ಬಾಯಿ ತುಂಬಿಕೊಂಡೇ ಹೇಳಿ, ಮುಂದಿನ ಕಾರಿನ ಕಡೆ ಸೀಟಿ ಊದಲು ಹೋದ. ಬಾಯಿಯಲ್ಲಿ ಕೋಡುಬಳೆ ಇದ್ದದ್ದರಿಂದ ಸೀಟಿ ಸರಿಯಾಗಿ ಬರಲಿಲ್ಲ.