ಮೂವತ್ತು ಸಾವಿರ ಅಡಿ ಮೇಲೆ ಓಟಿಪಿ

ಈಗಿನ ವಿಮಾನಗಳಲ್ಲಿ ವೈಫೈ ಸಿಗುತ್ತದೆ ಅಂತ ಮಂಡ್ಯದ ನಮ್ಮ ಮಾವನ ಕಿವಿಗೆ ಯಾರು ಹಾಕಿದರೋ! ನಾನು ಮೈಸೂರಿನಲ್ಲಿ ಹತ್ತಿದ ಏರ್‌ಪೋರ್ಟಿನ ಫ್ಲೈಬಸ್ ಇನ್ನೂ ಶ್ರೀರಂಗಪಟ್ಟಣ ದಾಟಿರಲಿಲ್ಲ, ಫೋನ್ ಬಂತು. "ಲೇ ಅಳಿಯ, ಮ್ಯಾಕ್ಕೆ ಹೋದೇಟ್ಗೆ ವಿಡಿಯೊ ಕಾಲ್ ಮಾಡ್ಲಾ. ನಿಮ್ಮತ್ತೆ ಮೋಡ ನೋಡ್ಬೇಕಂತೆ."

ಹೋದೇಟಿಗೆ ಆಗುವುದಿಲ್ಲ. ನಮ್ಮ ದೇಶದ ಆಕಾಶದಲ್ಲಿ ವಿಮಾನ 3,000 ಮೀಟರ್ ಏರಿದ ಮೇಲೆಯೇ ವೈಫೈ ಕೊಡಬೇಕು ಅಂತ 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅಲ್ಲಿಯವರೆಗೆ ಸುಮ್ನೆ ಕಿಟಕಿ ನೋಡುತ್ತಾ ಕೂತೆ. ಆಮೇಲೆ ಫೋನಿಗೆ ವೈಫೈ ಸಿಕ್ಕಿತು, ದುಡ್ಡು ಕಟ್ಟುವ ಪುಟವೂ ತೆರೆಯಿತು. ಕಾರ್ಡ್ ನಂಬರ್ ಹಾಕಿದೆ.

ಓಟಿಪಿ ಹಾಕಿ ಅಂತು.

ಎಲ್ಲಿಂದ ತರುವುದು? ಫೋನು ಏರೋಪ್ಲೇನ್ ಮೋಡ್‌ನಲ್ಲಿದೆ. ಮೋಡ್ ತೆಗೆದರೂ ಅಷ್ಟು ಎತ್ತರದಲ್ಲಿ ಟವರ್ ಸಿಗುತ್ತಾ? 'ನಿಮ್ಮ ಇಮೇಲ್‌ಗೂ ಓಟಿಪಿ ಕಳಿಸಿದ್ದೇವೆ' ಅಂತ ಬ್ಯಾಂಕು ಬೇರೆ ಉಪಕಾರ ಮಾಡಿತ್ತು. ಇಮೇಲ್ ನೋಡಲು ವೈಫೈ ಬೇಕು. ವೈಫೈಗೆ ಓಟಿಪಿ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. ಗಗನಸಖಿಯನ್ನು ಕೇಳಿದೆ. ಆಕೆ ನಕ್ಕ ರೀತಿ ನೋಡಿದರೆ ಈ ಪ್ರಶ್ನೆ ಆಕೆಗೆ ಹೊಸದಲ್ಲ.

ಕೊನೆಗೆ ಫ್ರೀ ಪ್ಯಾಕ್ ಒಂದು ಕಣ್ಣಿಗೆ ಬಿತ್ತು. ಬರೀ ಅಕ್ಷರದ ಮೆಸೇಜ್. ಫೋಟೊ, ವಿಡಿಯೊ, ಕಾಲ್ ಯಾವುದೂ ಇಲ್ಲ. ಅದೂ ಆಮೆ ವೇಗ. ಪಾಪ, ಅದರ ತಪ್ಪೇನೂ ಇಲ್ಲ ಬಿಡಿ. ನಮ್ಮ ವಿಮಾನಕ್ಕೆ ಇಂಟರ್ನೆಟ್ ಬರುವುದು ಉಪಗ್ರಹದಿಂದ. ಇಂಥ ಉಪಗ್ರಹಗಳು ಹಲವು ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ನಾವು ಒತ್ತಿದ್ದು ವಿಮಾನದ ನೆತ್ತಿ ಮೇಲಿನ ಆಂಟೆನಾದಿಂದ ಅಲ್ಲಿಗೆ ಹೋಗಿ, ಭೂಮಿಗೆ ಇಳಿದು, ಉತ್ತರ ಮತ್ತೆ ಅದೇ ದಾರಿಯಲ್ಲಿ ಬರಬೇಕು. ಬರೀ ಓಡಾಟಕ್ಕೇ ಅರ್ಧ ಸೆಕೆಂಡು. ಅದರ ಮೇಲೆ ವಿಮಾನದಲ್ಲಿರುವ ಅಷ್ಟೂ ಜನಕ್ಕೆ ಅದೊಂದೇ ಆಂಟೆನಾ. ಕಡಿಮೆ ಎತ್ತರದ ಉಪಗ್ರಹಗಳಾದರೆ ಪರವಾಗಿಲ್ಲ, ನನ್ನ ವಿಮಾನಕ್ಕೆ ಆ ಯೋಗ ಇರಲಿಲ್ಲ.

ಅಷ್ಟರಲ್ಲಿ ಮಾವ ಗುಡ್ ಮಾರ್ನಿಂಗ್ ಚಿತ್ರ ಕಳಿಸಿದ್ದರು. ಅದು ಗಿರಗಿರ ತಿರುಗುತ್ತಲೇ ಇತ್ತು. "ಉಪಗ್ರಹ ದೂರ ಇದೆ ಮಾವ, ಲೇಟಾಗುತ್ತೆ" ಅಂತ ಬರೆದೆ. ವಿಮಾನದ ಇಂಟರ್ನೆಟ್‌ಗೂ ಆಗಲಿ ಅಂತ 2024ರಲ್ಲಿ ಹಾರಿಸಿದ ಜಿಸ್ಯಾಟ್-ಎನ್2 ಉಪಗ್ರಹದ ಹತೋಟಿ ನಮ್ಮ ಹಾಸನದ ಇಸ್ರೊ ಕೇಂದ್ರದ ಕೈಗೆ ಬಂದಿದ್ದು ಅಂತಲೂ ಸೇರಿಸಿದೆ. ಸ್ವಲ್ಪ ಹೆಮ್ಮೆಗೆ.

ಉತ್ತರ ಬಂತು, ಮೊಮ್ಮಗಳ ಕೈಲಿ ಬರೆಸಿದ್ದು: "ಹಾಸನ ತಾನೆ? ನಾಳೆ ಬಸ್ ಹತ್ತಿ ಹೋಗಿ ಕೇಳ್ಕೊಂಡ್ ಬರ್ತೀನಿ ಬುಡು."

ಬೇಡ ಮಾವ, ಸದ್ಯಕ್ಕೆ ಬರೀ ಮೆಸೇಜ್ ಅಷ್ಟೇ ಆಗೋದು ಅಂದೆ.

"ಮೆಸೇಜ್ ಮಾಡಕ್ಕೆ ಇಮಾನ ಯಾಕ್ಲಾ ಹತ್ದೆ? ಮೈಸೂರಿಂದ್ಲೇ ಮಾಡ್ಬೋದಿತ್ತು."